ಡಬ್ಬಿ ತುಂಬ ಸೀಟಿಗಳು

ನನ್ನ ಎದೆಯಲ್ಲಿ ಗಂಟಾಗಿದೆ ಎಂದು ಹೇಳಿದರೆ ನಮ್ಮವರು 'ಆಯ್ತು, ಆಯ್ತು' ಎಂದರು.

ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ನನ್ನ ತಂಗಿಯೇ ಮೊದಲು ನಂಬಲಿಲ್ಲ. ಅವತ್ತು ಡಾಕ್ಟರಮ್ಮ ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿಸಿ, ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸಲೇಬೇಕು, ತಡ ಮಾಡಬೇಡಿ ಎಂದಿದ್ದರು. ಮನೆಗೆ ಬಂದವಳು ಚಪ್ಪಲಿಯನ್ನು ಎಲ್ಲಿ ಬಿಟ್ಟೆನೋ ತಿಳಿಯದು, ಸೀದಾ ಲೋಹ ಕಡೆಯುವ ಲೇಥ್ ಇಟ್ಟಿದ್ದ ಕೋಣೆಗೆ ಹೋದೆ. ಇವರು ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದರು. ಲೇಥ್ ತಿರುಗುತ್ತಿತ್ತು. ಹಿತ್ತಾಳೆಯ ಚೂರು ಸುರುಳಿ ಸುರುಳಿಯಾಗಿ ಇವರ ಕಾಲ ಮೇಲೆ ಉದುರುತ್ತಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಎರಡನೇ ಸಲ ಹೇಳುವ ಧೈರ್ಯ ಇರಲಿಲ್ಲ, ಅದಕ್ಕೆ ಒಂದಕ್ಷರ ಬಿಡದೆ ಹೇಳಿದೆ. ನನ್ನ ನೆರಳು ಲೇಥ್ ಮೇಲೆ ಬಿದ್ದಿರಬೇಕು. ಇವರು ತಲೆ ತಿರುಗಿಸದೆಯೇ ಎಡಗೈ ಎತ್ತಿ, 'ಆಯ್ತು, ಆಯ್ತು. ಇದೊಂದು ಮುಗಿಸಿ ಬರ್ತೀನಿ' ಎಂದರು.

ಇದೊಂದು ಎಂದರೆ ಏನು ಗೊತ್ತೇ? ಸೀಟಿ. ಬೆರಳುದ್ದದ ಹಿತ್ತಾಳೆ ಸೀಟಿ.

ನಾನು ಅಲ್ಲೇ ನಿಂತಿದ್ದೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ನನಗೆ ಸಿಟ್ಟು ಬರುವುದಕ್ಕೆ ಕಾರಣ ಬೇಕಾಗಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅಂಥವಳಿಗೆ ಸಿಟ್ಟು ಬರಲಿಲ್ಲ ಎಂದರೆ ಎಷ್ಟು ದಂಗಾಗಿದ್ದೆ ಎಂದು ನೀವೇ ಲೆಕ್ಕ ಹಾಕಿ. ಗರ ಬಡಿದವಳ ಹಾಗೆ ನಡುಮನೆಗೆ ಬಂದು ನನ್ನ ಹೊಲಿಗೆ ಯಂತ್ರದ ಮುಂದೆ ಕೂತೆ. ದಾರ ಪೋಣಿಸಿದೆ. ಹೊಲಿಯಲು ಬಟ್ಟೆಯೇ ಇರಲಿಲ್ಲ.

ನಮ್ಮವರ ಕಥೆ ಹೇಳಬೇಕು, ಇಲ್ಲದಿದ್ದರೆ ಅರ್ಥವಾಗುವುದಿಲ್ಲ. ಕೆಲಸದಲ್ಲಿ ಇದ್ದಷ್ಟು ಕಾಲ ಬಸ್ ಡ್ರೈವರ್. ಆಗಿನ ಬಸ್ಸುಗಳಲ್ಲಿ ಇಂಜಿನ್ ಒಳಗೇ ಇರುತ್ತಿತ್ತು. ಡ್ರೈವರನ ಎಡಗಡೆಗೆ ಆನೆಮರಿಯಷ್ಟು ದೊಡ್ಡ ಡಬ್ಬ, ಅದರ ಮೇಲೆ ಹರಿದ ಕಂಬಳಿ, ಇಡೀ ದಿನ ಅದರ ಗುರ್ರೆನ್ನುವ ಸದ್ದು. ನಿವೃತ್ತಿಯಾದ ಮೇಲೆ ಬೇರೆಯವರ ಗಂಡಂದಿರು ಗಿಡ ನೆಟ್ಟರು, ಪೇಪರ್ ಓದಿದರು. ಇವರು ಮಾತ್ರ, ಜೀವನವೆಲ್ಲ ಸ್ಟೀರಿಂಗ್ ತಿರುಗಿಸಿ ಸಾಕಾಗಿದೆ, ಇನ್ನು ಸ್ಟೀರಿಂಗೇ ಇಲ್ಲದ ಗಾಡಿ ಓಡಿಸುತ್ತೇನೆ ಎಂದರು. ತಮಾಷೆ ಇರಬೇಕು ಎಂದು ನಾನು ನಕ್ಕೆ. ಮುಂದಿನ ವಾರ ನಾಲ್ಕು ಆಳುಗಳ ಹೆಗಲ ಮೇಲೆ ಒಂದು ಲೇಥ್ ಮನೆಗೆ ಬಂತು.

ನಮ್ಮೂರಿನ ಪಾರ್ಕಿನಲ್ಲಿ ಉಗಿಬಂಡಿ ಸಂಘ ಅಂತ ಒಂದಿದೆ. ಗೇಣಗಲದ ಹಳಿಯನ್ನು ಮರಗಳ ಸುತ್ತ ಹಾಸಿದ್ದಾರೆ. ಎಲ್ಲ ನಿವೃತ್ತರೇ. ತಾವೇ ಮಾಡಿದ ಉಗಿಬಂಡಿ ತಂದು, ಮುಷ್ಟಿ ಮುಷ್ಟಿ ಕಲ್ಲಿದ್ದಲು ಹಾಕಿ, ನಿಜವಾದ ಬೆಂಕಿ, ನಿಜವಾದ ಉಗಿ ಎಬ್ಬಿಸಿ, ಹಿಂದೆ ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹೊಡೆಸುತ್ತಾರೆ. ಗಂಭೀರವಾಗಿ ಬಾಳಿದ ಗಂಡಸರು ಮೊಣಕಾಲೆತ್ತರದ ಬಂಡಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಹೋಗುವುದನ್ನು ನೋಡಿದರೆ ನಗು ತಡೆಯುವುದು ಕಷ್ಟ. ಇವರಿಗೆ ಅಲ್ಲಿ ಒಬ್ಬ ಗೆಳೆಯ ಸಿಕ್ಕಿದ. ವೆಲ್ಡಿಂಗ್ ಮಾಡುತ್ತಿದ್ದವನು. ದನಿ ಎಷ್ಟು ದಪ್ಪ ಎಂದರೆ ಸಂಘದವರೆಲ್ಲ ಅವನನ್ನು ಗುಡುಗು ಎಂದೇ ಕರೆಯುವುದು. ಯಾವ ಬಂಡಿಯೂ ಅವನು ಪರೀಕ್ಷೆ ಮಾಡದೆ ಹಳಿ ಹತ್ತುವ ಹಾಗಿಲ್ಲ.

ನಾನೇನೂ ರಾಕ್ಷಸಿಯಲ್ಲ. ಬಂಡಿಗೆ ನನ್ನ ಕೈಯೂ ಹತ್ತಿದೆ. ತಾಮ್ರದ ಬಾಯ್ಲರ್ ಬೇಗ ತಣ್ಣಗಾಗಬಾರದು ಎಂದು ಅದಕ್ಕೆ ಉಣ್ಣೆಬಟ್ಟೆ ಸುತ್ತಬೇಕಂತೆ. ಅಳತೆ ತೆಗೆದು, ಕತ್ತರಿಸಿ, ಬಾಯ್ಲರ್‌ಗೆ ಅಂಗಿ ಹೊಲಿದುಕೊಟ್ಟವಳು ನಾನು. ಅದರ ಮೇಲೆ ಇವರು ತಗಡು ಹೊದಿಸಿ ಹಸಿರು ಬಣ್ಣ ಹಚ್ಚಿದರು. ನನ್ನ ಹೊಲಿಗೆ ಈಗ ಯಾರ ಕಣ್ಣಿಗೂ ಕಾಣುವುದಿಲ್ಲ. ಇರಲಿ, ಅದರ ಬಗ್ಗೆ ಬೇಜಾರಿಲ್ಲ. ಬೇಜಾರು ಬೇರೆಯದು. ಈ ಮನುಷ್ಯ ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದರು.

ಏನು ಹೇಳಿದರೂ ಒಂದೇ ಉತ್ತರ, ಆಯ್ತು. ನಲ್ಲಿ ಸೋರುತ್ತಿದೆ ಎಂದರೆ ಆಯ್ತು. ನಲ್ಲಿ ಸೋರುತ್ತಲೇ ಇರುತ್ತದೆ. ಒಲೆ ಪಕ್ಕದಲ್ಲೇ ಕೂತು ಬಂಡಿಯ ನಕ್ಷೆ ನೋಡುತ್ತಿರುತ್ತಾರೆ, ಕುಕ್ಕರ್ ಕೂಗಿ ಕೂಗಿ ಸುಸ್ತಾಗಿರುತ್ತದೆ, ಎದ್ದು ಆರಿಸೋಣ ಎಂಬುದಿಲ್ಲ. ನಾನು ಹಿತ್ತಲಿನಿಂದ ಓಡಿ ಬಂದು ಬಾಯಿಗೆ ಬಂದದ್ದು ಬೈದರೆ ಮುಗುಳ್ನಗುತ್ತಾರೆ. ಬೈಸಿಕೊಂಡು ನಗುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಆದರೆ ಆ ಗುಡುಗು ಬಂದು ಗೇಟಿನಲ್ಲಿ ನಿಂತು ಮೆಲ್ಲಗೆ ಏನೋ ಅಂದರೆ ಸಾಕು, ಒಳಗಿನಿಂದ ಉತ್ತರ ಹೋಗುತ್ತದೆ. ಅವನ ಮಾತು ಕೇಳುತ್ತದೆ, ನನ್ನದು ಮಾತ್ರ ಇಲ್ಲ.

ನನ್ನ ದನಿ ಸಣ್ಣದು, ಚೂಪು. ಚಿಕ್ಕವಳಿದ್ದಾಗ ಮನೆಯಲ್ಲಿ ಪೀಪಿ ಎಂದು ಕರೆಯುತ್ತಿದ್ದರು, ತಂಗಿ ಈಗಲೂ ಪೀಪಿ ಅಕ್ಕ ಎನ್ನುತ್ತಾಳೆ. ಮದುವೆಯಾದ ಹೊಸದರಲ್ಲಿ ಇವರು, ಬಸ್ ಸ್ಟ್ಯಾಂಡಿನ ಗಲಾಟೆಯಲ್ಲೂ ನಿನ್ನ ದನಿ ಒಂದೇ ಸಲಕ್ಕೆ ಗೊತ್ತಾಗುತ್ತೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಮಕ್ಕಳಾಗಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಇಬ್ಬರಲ್ಲಿ ಒಬ್ಬರು ಗೋಡೆಯಾದರೆ ಇನ್ನೊಬ್ಬರು ಯಾರ ಜೊತೆ ಮಾತಾಡಬೇಕು?

ಸೀಟಿಯ ಹುಚ್ಚು ಹಿಡಿದದ್ದು ಬಂಡಿ ಮುಗಿದ ಮೇಲೆ. ಬಾಯ್ಲರ್ ತಣ್ಣೀರಿನ ಪರೀಕ್ಷೆ ದಾಟಿತ್ತು. ಒಳಗೆ ನೀರು ತುಂಬಿ, ಬಂಡಿ ಓಡುವಾಗ ಬೇಕಾದ ಒತ್ತಡದ ಎರಡರಷ್ಟು ಪಂಪ್ ಮಾಡಿ ನೋಡುತ್ತಾರೆ. ಬೆಸುಗೆ ಬಿಟ್ಟರೂ ನೀರು ಚಿಮ್ಮುತ್ತದೆ ಅಷ್ಟೇ, ಯಾರ ಮುಖವೂ ಸುಡುವುದಿಲ್ಲ. ಗುಡುಗು ಬೆನ್ನು ತಟ್ಟಿ ಹೋಗಿದ್ದ. ಉಳಿದದ್ದು ಸೀಟಿ ಒಂದೇ. ಸೀಟಿ ಕೂಗದ ಬಂಡಿಗೆ ಜನರನ್ನು ಕೂರಿಸುವಂತಿಲ್ಲ, ಅದು ಸಂಘದ ನಿಯಮ.

ಮೊದಲ ಸೀಟಿ ಹಾಕಿದ ದಿನ ಹಿತ್ತಲಲ್ಲಿ ಬಂಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ ಬೆಂಕಿ ಹಾಕಿದರು. ಚಕ್ರ ತಿರುಗುತ್ತದೆ, ಬಂಡಿ ಮಾತ್ರ ನಿಂತಲ್ಲೇ ಇರುತ್ತದೆ. ನಾನು ಬಟ್ಟೆ ಒಣಹಾಕುತ್ತಿದ್ದೆ. ಇವರು ದಾರ ಎಳೆದರು. ಅಬ್ಬಬ್ಬಾ, ಅದೇನು ಕಿರುಚಾಟ! ತಲೆಯೊಳಗೆ ಸೂಜಿ ಹಾಯಿಸಿದ ಹಾಗಾಯಿತು. ಪಕ್ಕದ ಮನೆಯ ನಾಯಿ ಊಳಿಟ್ಟಿತು. ಇವರು ಮಾತ್ರ ಬಗ್ಗಿ, ಹುಬ್ಬು ಗಂಟಿಕ್ಕಿ, ಸೀಟಿಯ ಬಾಯಿಂದ ಹೊರಟ ಬಿಳಿ ಉಗಿಯನ್ನೇ ನೋಡಿದರು. ಆಮೇಲೆ ನನ್ನತ್ತ ತಿರುಗಿ, ಕೂಗಿತಾ ಎಂದು ಕೇಳಿದರು. ನಾನು ಹಲ್ಲಿನಲ್ಲಿ ಬಟ್ಟೆ ಕ್ಲಿಪ್ಪು ಕಚ್ಚಿಕೊಂಡಿದ್ದೆ. ಅದರ ಸಂದಿಯಿಂದಲೇ, ಕಿವಿ ಕಿತ್ತುಹೋಯಿತು ಎಂದೆ. ಇವರು ಸಪ್ಪಗೆ ತಲೆಯಾಡಿಸಿ, ಅದೇ, ಬರೀ ಉಗಿ ಎಂದರು. ಸೀಟಿ ಬಿಚ್ಚಿ ಬಿಸ್ಕತ್ತಿನ ಡಬ್ಬಿಗೆ ಎಸೆದರು.

ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಆದರೆ ಮತ್ತೊಂದು ಸೀಟಿ ತಯಾರಾಯಿತು. ಅದೂ ಕಿರುಚಿತು, ಅದೂ ಡಬ್ಬಿಗೆ ಬಿತ್ತು. ಆಮೇಲೆ ಇನ್ನೊಂದು, ಮತ್ತೊಂದು. ಕೊಳವೆಯ ಉದ್ದ ಬದಲಾಯಿಸಿದರು, ಉಗಿ ಹೊರಡುವ ಸೀಳನ್ನು ಕೂದಲೆಳೆಯಷ್ಟು ಸಣ್ಣ ಮಾಡಿದರು. ಒಂದಕ್ಕಿಂತ ಒಂದು ಚೂಪು. ಪಕ್ಕದ ಮನೆಯಾಕೆ ಬೇಲಿಯ ಹತ್ತಿರ ಬಂದು, ನಿಮ್ಮವರಿಗೆ ಸ್ವಲ್ಪ ಹೇಳಿ, ಮಗು ನಿದ್ದೆಯಿಂದ ಬೆಚ್ಚಿ ಏಳುತ್ತೆ ಎಂದಳು. ಹೇಳಿದೆ. ಆಯ್ತು ಎಂದರು. ಮರುದಿನ ಇನ್ನೊಂದು ಸೀಟಿ.

ನನಗೆ ಗಂಟು ಸಿಕ್ಕಿದ್ದು ಆ ದಿನಗಳಲ್ಲೇ.

ಹೇಳಿ ಬಂದ ಮೇಲೆ ಮಧ್ಯಾಹ್ನ ಊಟಕ್ಕೆ ಕೂತರು. ಈಗ ಕೇಳುತ್ತಾರೆ ಎಂದು ಕಾದೆ. ಕೆಲಸದ ಭರದಲ್ಲಿ ತಲೆಗೆ ಹೋಗಿರಲಿಕ್ಕಿಲ್ಲ, ಈಗ ಹೋಗಿರುತ್ತದೆ, ಈಗ ಚಮಚ ಕೆಳಗಿಟ್ಟು ನನ್ನ ಮುಖ ನೋಡುತ್ತಾರೆ ಎಂದು ಕಾದೆ. ನೋಡಿದರು ಕೂಡ. ನೋಡಿ, ಯಾಕೆ ಮುಖ ಬಾಡಿದೆ, ಹುಷಾರಿಲ್ಲವಾ ಎಂದು ಕೇಳಿದರು. ನಾನು ಏನೂ ಹೇಳಿಯೇ ಇಲ್ಲ ಎನ್ನುವ ಹಾಗೆ! ಎದ್ದು ಪಾತ್ರೆ ತೊಳೆಯುವ ಕಡೆ ತಿರುಗಿ, ಹೇಳಿದ್ದು ಸಾಲದಾ, ಇನ್ನೆಷ್ಟು ಸಲ ಬಾಯಿ ಬಿಡಬೇಕು ಎಂದೆ. ತಿರುಗಿ ನೋಡಿದರೆ ತಟ್ಟೆ ಎತ್ತಿಟ್ಟು ಹೋಗಿಬಿಟ್ಟಿದ್ದರು.

ಇಂಥ ಮನುಷ್ಯನ ಜೊತೆ ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೆನೇ ಎಂದು ನನಗೇ ಭಯವಾಯಿತು. ಸಾವಿನ ಭಯಕ್ಕಿಂತ ಅದೇ ಹೆಚ್ಚಾಯಿತು ಎಂದರೆ ಸುಳ್ಳಲ್ಲ. ತಂಗಿಗೆ ಫೋನ್ ಮಾಡಿದೆ. ಅವಳು ಮೊದಲು ನಂಬಲಿಲ್ಲ, ಆಮೇಲೆ ಭಾವನ ಏಳು ತಲೆಮಾರನ್ನೂ ಜಾಲಾಡಿದಳು. ಅವಳ ಊರಿನಲ್ಲಿ ದೊಡ್ಡ ಆಸ್ಪತ್ರೆ ಇದೆ. ಎಲ್ಲ ಅವಳೇ ಮಾತಾಡಿ ಗುರುವಾರಕ್ಕೆ ಗೊತ್ತುಮಾಡಿದಳು. ಆಪರೇಷನ್ ಇಲ್ಲೇ ಆಗಲಿ, ಆಮೇಲೂ ನೀನು ಇಲ್ಲೇ ಇರು, ಆ ಕಬ್ಬಿಣದ ಮನುಷ್ಯನ ಹತ್ತಿರ ಮತ್ತೆ ಹೋಗಬೇಡ ಎಂದಳು. ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ಮಂಚದ ಕೆಳಗೆ ಚೀಲ ತಯಾರಾಯಿತು.

ಭಾನುವಾರ ಬಂಡಿ ಮೊದಲ ಸಲ ಹಳಿ ಹತ್ತುವ ದಿನ. ಬೆಳಿಗ್ಗೆಯೇ ಗುಡುಗು ಪುಟ್ಟ ಲಾರಿ ತಂದ. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಿಸ್ಕತ್ತಿನ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಹೊರಟರು. ಗೇಟಿನ ತನಕ ಹೋಗಿ ಬೆನ್ನ ಹಿಂದೆ ನಿಂತು ಹೇಳಿದೆ, ನಾನು ತಂಗಿ ಮನೆಗೆ ಹೋಗುತ್ತಿದ್ದೇನೆ, ಇನ್ನು ಬರುವುದಿಲ್ಲ. ಇವರು ಬಂಡಿಗೆ ಹಗ್ಗ ಬಿಗಿಯುತ್ತಿದ್ದರು. ಬಿಗಿದು ಮುಗಿಸಿ, ನನ್ನತ್ತ ಕೈ ಬೀಸಿ, ಲಾರಿ ಹತ್ತಿದರು. ಅಷ್ಟೇ. ಒಳಗೆ ಹೋಗಿ ಮಂಚದ ಕೆಳಗಿನ ಚೀಲ ಎಳೆದುಕೊಂಡೆ.

ಬಾಗಿಲಿಗೆ ಬೀಗ ಹಾಕಿದ ಮೇಲೆ ನೆನಪಾಯಿತು, ಇವರ ಹತ್ತಿರ ಕೀಲಿ ಇಲ್ಲ. ಅವರು ಬೀದಿಯಲ್ಲಿ ನಿಲ್ಲಲಿ ಎಂದು ಒಂದು ಮನಸ್ಸು. ಬೇಡ, ಮುಖದ ಮೇಲೆ ಎಸೆದೇ ಹೋಗೋಣ ಎಂದು ಇನ್ನೊಂದು. ಪಾರ್ಕು ಬಸ್ ಸ್ಟ್ಯಾಂಡಿನ ದಾರಿಯಲ್ಲೇ ಇದೆ. ಚೀಲ ಹೆಗಲಿಗೇರಿಸಿ ನಡೆದೆ.

ಪಾರ್ಕಿನಲ್ಲಿ ಜಾತ್ರೆಯಷ್ಟು ಜನ. ನಮ್ಮ ಹಸಿರು ಬಂಡಿ ಹಳಿಯ ಮೇಲೆ ನಿಂತಿತ್ತು. ಚಿಮಣಿಯಿಂದ ಹೊಗೆ, ಪಕ್ಕದಿಂದ ಉಗಿ. ಸುಳ್ಳೇಕೆ, ಚೆಂದ ಕಾಣುತ್ತಿತ್ತು. ಗುಡುಗು ಮಂಡಿಯೂರಿ ಕೂತು ಗಾಜಿನ ನಳಿಗೆಯಲ್ಲಿ ನೀರು ನೋಡಿದ, ಒತ್ತಡದ ಮುಳ್ಳು ನೋಡಿದ, ಉಗಿ ಹೆಚ್ಚಾದರೆ ತಾನೇ ತೆರೆಯುವ ವಾಲ್ವು ತೆರೆಯುತ್ತದೆಯೇ ಎಂದು ನೋಡಿದ. ಎಲ್ಲ ಸರಿ, ಇನ್ನು ಸೀಟಿ ಊದಿ ಎಂದ. ಇವರು ಹೋಂವರ್ಕ್ ಮಾಡದ ಹುಡುಗನ ಹಾಗೆ ನೆಲ ನೋಡಿದರು. ಅದೊಂದು ಬಿಟ್ಟು ಎಲ್ಲ ಆಗಿದೆ, ಇದು ಕೂಗಲ್ಲ, ಎಷ್ಟು ಮಾಡಿದರೂ ಬರೀ ಉಗಿ ಬರುತ್ತೆ, ಮುಂದಿನ ವಾರ ಬೇರೆ ಮಾಡಿಕೊಂಡು ಬರುತ್ತೇನೆ ಎಂದರು. ಮೊದಲು ಊದಿ ನೋಡೋಣ ಎಂದ ಗುಡುಗು.

ಇವರು ದಾರ ಎಳೆದರು.

ಮರದ ಮೇಲಿದ್ದ ಕಾಗೆಗಳೆಲ್ಲ ಎದ್ದು ಹಾರಿದವು. ಜನ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. ಯಾರದೋ ತೋಳಲ್ಲಿದ್ದ ಮಗು ಬೆಚ್ಚಿ ಬಿದ್ದು ಅತ್ತಿತು. ಇವರು ದಾರ ಹಿಡಿದೇ ಇದ್ದರು. ಬಗ್ಗಿ ಉಗಿ ನೋಡುತ್ತಿದ್ದರು. ದಾರ ಬಿಟ್ಟು, ನಾಚಿಕೆಯಿಂದ, 'ನೋಡಿದ್ರಲ್ಲ, ಬರೀ ಉಗಿ' ಎಂದರು.

ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಡ್ರೈವರ್ ಸಾಹೇಬರು ಭಲೇ ತಮಾಷೆ ಮಾಡುತ್ತಾರೆ ಎಂದರು. ಅವರು ನಗುವುದನ್ನು ಕಂಡು ಇವರೂ ನಕ್ಕರು. ಆ ನಗುವನ್ನೇ ನೋಡುತ್ತ ನಿಂತೆ. ಎಲ್ಲರೂ ನಗುತ್ತಿದ್ದಾರೆ, ಯಾಕೆಂದು ಗೊತ್ತಿಲ್ಲ, ನಾನೂ ನಗಬೇಕೇನೋ ಎನ್ನುವಂಥ ನಗು. ನಾನು ಬೈಯುವಾಗೆಲ್ಲ ನನ್ನ ಮೈ ಉರಿಸುತ್ತಿದ್ದ ನಗು ಅದೇ.

ಇವರ ಎಡಗಡೆಗೆ ಹಿಂದೆ ಹೋಗಿ ನಿಂತು, 'ರೀ' ಎಂದೆ. ಇವರು ಹಸಿಬಟ್ಟೆಯಲ್ಲಿ ಸೀಟಿ ಒರೆಸುತ್ತಿದ್ದರು. ಇನ್ನೊಂದು ಸಲ, ಜೋರಾಗಿ ಕರೆದೆ. ಪಕ್ಕದಲ್ಲಿದ್ದವರು ನನ್ನ ಕಡೆ ತಿರುಗಿದರು. ಇವರು ತಿರುಗಲಿಲ್ಲ. ಅಷ್ಟರಲ್ಲಿ ಹಳಿಯ ಆಚೆ ಬದಿಯಲ್ಲಿ, ನಮಗೆ ಬೆನ್ನು ಮಾಡಿ ಯಾರ ಜೊತೆಗೋ ಮಾತಾಡುತ್ತಿದ್ದ ಗುಡುಗು, ಸ್ವಲ್ಪವೂ ದನಿ ಏರಿಸದೆ, ಗಾಳಿ ಕಿಂಡಿ ಮುಚ್ಚಿ, ಬೆಂಕಿ ಜಾಸ್ತಿಯಾಗಿದೆ ಎಂದ. ಇವರ ಕೈ ತಟ್ಟನೆ ಗಾಳಿ ಕಿಂಡಿಗೆ ಹೋಯಿತು.

ಕುಕ್ಕರ್ ನೆನಪಾಯಿತು, ಕ್ಲಿಪ್ಪು ಕಚ್ಚಿಕೊಂಡು ನಾನು ಹೇಳಿದ್ದು ನೆನಪಾಯಿತು, ಡಬ್ಬಿಗೆ ಬಿದ್ದ ಸೀಟಿಗಳು ಒಂದೊಂದಾಗಿ ನೆನಪಾದವು. ಆದರೂ ಖಾತ್ರಿ ಮಾಡಿಕೊಳ್ಳಬೇಕಿತ್ತು. ಸುತ್ತ ಜನ ಇದ್ದಾರೆ ಎಂಬುದು ಆ ಹೊತ್ತಿಗೆ ತಲೆಯಲ್ಲಿ ಇರಲೇ ಇಲ್ಲ. ಅವತ್ತು ಲೇಥ್ ಕೋಣೆಯ ಬಾಗಿಲಲ್ಲಿ ನಿಂತು ಏನು ಹೇಳಿದ್ದೆನೋ ಅದನ್ನೇ, ಅದೇ ದನಿಯಲ್ಲಿ, ಇವರ ಬೆನ್ನಿಗೆ ಹೇಳಿದೆ.

'ರೀ, ನನ್ನ ಎದೇಲಿ ಗಂಟಾಗಿದೆ. ಕೆಟ್ಟದ್ದಿರಬಹುದು ಅಂತಾರೆ. ನಂಗೆ ತುಂಬ ಭಯ ಆಗ್ತಿದೆ.'

ನಗುತ್ತಿದ್ದವರ ಬಾಯಿ ಕಟ್ಟಿಹೋಯಿತು. ಒಬ್ಬಾಕೆ ತನ್ನ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಗುಡುಗು ತಿರುಗಿ, ಬಾಯಿ ತೆರೆದವನು ಹಾಗೇ ನಿಂತ. ಎಲ್ಲ ಮುಖಗಳೂ ನನ್ನ ಕಡೆ. ಇವರೊಬ್ಬರು ಮಾತ್ರ ಬಗ್ಗಿ ಸೀಟಿ ಒರೆಸುತ್ತಿದ್ದರು. ಒರೆಸಿ, ಊದಿ, ಮತ್ತೆ ಒರೆಸಿದರು. ಆಮೇಲೆ ತಲೆ ಎತ್ತಿ ಆ ಮುಖಗಳನ್ನೆಲ್ಲ ಒಮ್ಮೆ ನೋಡಿದರು. ಇವರ ಕಣ್ಣಲ್ಲಿ ಏನೋ ಆಸೆ ಮೂಡಿತು.

'ಯಾಕೆ?' ಎಂದರು. 'ಈಗ ಕೂಗಿತಾ?'

ಇವರು ಜನ ನೋಡುತ್ತಿದ್ದ ದಿಕ್ಕಿಗೆ ತಿರುಗಿದರು. ನನ್ನನ್ನು ಕಂಡು ಮುಖ ಅರಳಿತು. ನೀನು ಬಂದೆಯಾ, ಬರಲ್ಲ ಅಂದುಕೊಂಡಿದ್ದೆ ಎಂದರು. ಹೆಗಲ ಚೀಲ ಕಂಡು, ಇದೇನು ಎಂದರು. ನನ್ನ ಕೈಯಲ್ಲಿದ್ದ ಕೀಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಮಸಿ ಹತ್ತಿದ ಇವರ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಗಂಟಲನ್ನು ಆದಷ್ಟೂ ಕೆಳಗಿಳಿಸಿ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದೆ. ಇವರ ಕಣ್ಣು ನನ್ನ ತುಟಿಯ ಮೇಲಿತ್ತು. ಅರ್ಥವಾದದ್ದು ಕೈಗೇ ಗೊತ್ತಾಯಿತು, ಕೆನ್ನೆ ನಡುಗಿತು.

'ಯಾವಾಗ ಗೊತ್ತಾಯ್ತು?' ಎಂದರು.

'ಗೊತ್ತಾದ ದಿನವೇ ಹೇಳಿದೆ. ಲೇಥ್ ಹತ್ರ ನಿಂತು. ನೀವು ಆಯ್ತು ಅಂದ್ರಿ.'

'ನಾನಾ?'

ಮಕ್ಕಳನ್ನು ಕೂರಿಸುವ ತಗ್ಗು ಗಾಡಿಯ ಮೇಲೆ ಇವರು ಕುಸಿದು ಕೂತರು. ನೆರಳು ಬಿದ್ದದ್ದು ನೆನಪಿದೆ, ಊಟಕ್ಕೆ ಕರೆಯಲು ಬಂದಿದ್ದೀಯ ಅಂದುಕೊಂಡೆ ಎಂದರು. ಆಮೇಲೆ ಹೇಳಿದ ಮಾತು ಇದೆಯಲ್ಲ, ಅದನ್ನು ಕೇಳಲು ನಾನು ತಯಾರಿರಲಿಲ್ಲ.

'ನೀನು ಮಾತು ಬಿಟ್ಟಿದ್ಯಲ್ಲ' ಎಂದರು.

ನಾನು ಮಾತು ಬಿಡುವುದೇ? ನನ್ನನ್ನು ಬಲ್ಲವರು ಯಾರಾದರೂ ಈ ಮಾತು ಕೇಳಿದರೆ ಬಿದ್ದು ಬಿದ್ದು ನಗುತ್ತಾರೆ. ಆದರೆ ಇವರು ನಗುತ್ತಿರಲಿಲ್ಲ.

'ಬರ್ತಾ ಬರ್ತಾ ನಿನ್ನ ದನಿ ಇಳೀತಾ ಹೋಯ್ತು. ಆಮೇಲೆ ಬರೀ ತುಟಿ ಅಲ್ಲಾಡಿಸೋಕೆ ಶುರು ಮಾಡ್ದೆ. ನನ್ನ ಮೇಲೆ ಮುನಿಸು, ತನ್ನಷ್ಟಕ್ಕೆ ಗೊಣಗ್ತಾಳೆ ಅಂದ್ಕೊಂಡೆ. ಏನು ಅಂತ ಕೇಳಿದ್ರೆ ಇನ್ನೂ ಸಿಟ್ಟಾಗ್ತೀಯ ಅಂತ ಎಲ್ಲದಕ್ಕೂ ಆಯ್ತು ಅಂತಿದ್ದೆ. ನಾನೂ ಮಾತು ಕಡಿಮೆ ಮಾಡ್ದೆ.'

ಗುಡುಗು ಹತ್ತಿರ ಬಂದು ಇವರ ಭುಜದ ಮೇಲೆ ಕೈಯಿಟ್ಟ. ಸೀಟಿ ಕೂಗುತ್ತೆ ಮಾರಾಯರೇ, ಊರಾಚೆಗೂ ಕೇಳುತ್ತೆ ಎಂದ. ಸಣ್ಣ ಬಂಡಿಯ ಸೀಟಿಗೆ ಸಣ್ಣ ದನಿಯೇ ಬರುವುದು, ನಿಮ್ಮ ಕಿವಿಗೆ ಚೂಪು ದನಿ ಹತ್ತುತ್ತಿಲ್ಲ, ಬಸ್ಸಿನ ಇಂಜಿನ್ ತಿಂದುಹಾಕಿದೆ ಎಂದ. ಇವರು ಬಿಸ್ಕತ್ತಿನ ಡಬ್ಬಿ ತೆರೆದರು. ಒಳಗೆ ಹಿತ್ತಾಳೆ ಸೀಟಿಗಳು ಥಳಥಳ ಹೊಳೆಯುತ್ತಿದ್ದವು. ಹಾಗಾದರೆ ಇವೆಲ್ಲ ಎಂದು ನನ್ನ ಮುಖ ನೋಡಿದರು. ಎಲ್ಲ ಕೂಗುತ್ತಿದ್ದವು ಎಂದೆ. ಇವರು ಡಬ್ಬಿಯ ಮುಚ್ಚಳ ಹಾಕಿದ ರೀತಿ ನೋಡಲಾಗಲಿಲ್ಲ.

ಆಮೇಲೆ ಎದ್ದರು. ಬಂಡಿಯ ಕೆಳಗೆ ಕೈ ಹಾಕಿ ಕೆಂಡದ ಜಾಲರಿ ಹಿಡಿದಿಟ್ಟಿದ್ದ ಮೊಳೆ ಎಳೆದರು. ಬೆಂಕಿ ಇಳಿಸುವುದು ಎಂದರೆ ಅದು. ಕೆಂಡವೆಲ್ಲ ಜಲ್ಲಿಕಲ್ಲಿನ ಮೇಲೆ ಬಿತ್ತು. ಎಲ್ಲ ಓಡಾಟ ಮುಗಿದ ಮೇಲೆ, ಸಂಜೆ ಮಾಡುವ ಕೆಲಸ ಅದು. ಇವರ ಬಂಡಿ ಇನ್ನೂ ಒಂದು ಸುತ್ತೂ ಹೋಗಿರಲಿಲ್ಲ. ಇಷ್ಟು ವರ್ಷ ಕಾದಿದ್ದೀರಿ, ಒಂದೇ ಒಂದು ಸುತ್ತು ಹೋಗಿ ಬನ್ನಿ ಎಂದು ಗುಡುಗು ಹೇಳಿದ. ನಾನೂ ಹೇಳಿದೆ, ಗಂಟಲು ಇಳಿಸಿಯೇ ಹೇಳಿದೆ. ಇವರು ಬೇಡ ಎಂದು ತಲೆಯಾಡಿಸಿ, ಬಂಡಿಯನ್ನು ಗುಡುಗಿನ ವಶಕ್ಕೆ ಬಿಟ್ಟು, ಹುಲ್ಲಿನಲ್ಲಿ ಬಿದ್ದಿದ್ದ ಕೀಲಿ ಹುಡುಕಿ ಜೇಬಿಗೆ ಹಾಕಿಕೊಂಡು, ನನ್ನ ಹೆಗಲ ಚೀಲ ತಾವು ತೆಗೆದುಕೊಂಡರು.

ತಂಗಿಯ ಊರಿನ ಬಸ್ಸಿನಲ್ಲಿ ನಾನು ಕಿಟಕಿ ಪಕ್ಕ ಕೂರಲು ಹೋದರೆ ತಡೆದು, ಈ ಕಡೆ ಬಾ, ಇಂಜಿನ್ ಇದ್ದ ಕಡೆಯ ಕಿವಿ ಹೆಚ್ಚು ಹೋಗಿರಬೇಕು ಎಂದು ತಮ್ಮ ಬಲಕ್ಕೆ ಕೂರಿಸಿಕೊಂಡರು. ಬಸ್ ಹೊರಟಿತು. ಇವರು ಡ್ರೈವರನ ಕೈಯನ್ನು ನೋಡಲಿಲ್ಲ, ರಸ್ತೆಯನ್ನೂ ನೋಡಲಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದರು.

'ಇಷ್ಟು ವರ್ಷ ಇನ್ನೇನೇನು ಹೇಳಿದ್ದೆ?'

ಎಲ್ಲಿಂದ ಶುರು ಮಾಡುವುದು? ಕೊನೆಗೆ ಲೇಥ್ ಬಂದ ದಿನದಿಂದ ಶುರು ಮಾಡಿದೆ. ಅವತ್ತು ಬಾಗಿಲಿಗೆ ಅಡ್ಡ ನಿಂತು, ಈ ಮನೆಯಲ್ಲಿ ಒಂದೋ ಇದಿರಬೇಕು ಇಲ್ಲ ನಾನಿರಬೇಕು, ನೆಂಟರು ಮಲಗುವ ಕೋಣೆಯಲ್ಲಿ ಕಬ್ಬಿಣದ ಅಂಗಡಿ ಇಡುವುದಕ್ಕೆ ನಿಮಗೆ ತಲೆ ಕೆಟ್ಟಿದೆಯಾ ಎಂದು ಬೈದಿದ್ದೆ. ಅಷ್ಟನ್ನೂ ಗುಡುಗಿನ ದನಿಯಲ್ಲಿ ಮತ್ತೆ ಬೈದೆ. ಮುಂದಿನ ಸೀಟಿನವರು ತಿರುಗಿ ತಿರುಗಿ ನೋಡಿದರು. ಇವರು ಪೂರ್ತಿ ಕೇಳಿಸಿಕೊಂಡು ಕಣ್ಣರಳಿಸಿದರು.

'ಹಾಗಂದಿದ್ಯಾ? ಕೇಳಿಸಿದ್ದಿದ್ರೆ ಅವತ್ತೇ ವಾಪಸ್ ಕಳಿಸ್ತಿದ್ದೆ ಕಣೇ.'

ಬಂಡಿ, ಬಾಯ್ಲರು, ನಾನು ಹೊಲಿದ ಅಂಗಿ, ಹಸಿರು ಬಣ್ಣ. ನನ್ನ ಒಂದು ಬೈಗುಳ ಮುಟ್ಟಿದ್ದರೆ ಅದ್ಯಾವುದೂ ಇರುತ್ತಿರಲಿಲ್ಲ ಎನ್ನುವುದು ತಲೆಗೆ ಹೋಗಲು ಹೊತ್ತು ಹಿಡಿಯಿತು. ಇವರು ನನ್ನ ಕೈ ಹಿಡಿದುಕೊಂಡರು. ಕೆಂಡ ಇಳಿಸಿದ ಕೈ, ಇನ್ನೂ ಬೆಚ್ಚಗಿತ್ತು. ತಂಗಿಯ ಊರು ಹತ್ತಿರ ಬರುತ್ತಿತ್ತು. ಅವಳ ಬಾಯಿಗೆ ಇವರು ಸಿಕ್ಕುವ ಮೊದಲು ಮುಖ್ಯವಾದದ್ದು ಹೇಳಬೇಕಿತ್ತು.

'ಗುರುವಾರ ಬೆಳಿಗ್ಗೆ ಆಪರೇಷನ್. ಖಾಲಿ ಹೊಟ್ಟೇಲಿ ಬರೋಕೆ ಹೇಳಿದ್ದಾರೆ' ಎಂದೆ.

'ಆಯ್ತು' ಎಂದರು.

ಗಲ್ಲ ಹಿಡಿದು ಮುಖ ನನ್ನ ಕಡೆ ತಿರುಗಿಸಿದೆ.

'ಏನ್ ಆಯ್ತು? ನಾನು ಏನು ಹೇಳಿದೆ, ಹೇಳಿ ನೋಡೋಣ.'

'ಗುರುವಾರ ಬೆಳಿಗ್ಗೆ. ಖಾಲಿ ಹೊಟ್ಟೆ. ನೀವೂ ಜೊತೆಗೆ ಬನ್ನಿ ಅಂದೆ.'

ಕೊನೆಯ ಮಾತನ್ನು ನಾನು ಹೇಳಿರಲಿಲ್ಲ. ಆದರೂ ಹೇಳಿದ್ದೆ ಎಂದು ತಲೆಯಾಡಿಸಿದೆ.